ಹಳೇ ಮೆಟಡೋರ್ ಮನೆಗಾಡಿಗೆ ಬ್ರೇಕ್ ಅಪ್‌ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗಾಡಿ ಎಲ್ಲಿ ನಿಂತ್ರೂ, ಕುಶಾಲನಗರದ ಪೆಟ್ರೋಲ್ ಬಂಕ್ ಆಗ್ಲಿ ಗೋಣಿಕೊಪ್ಪದ ಸಂತೆ ಆಗ್ಲಿ, ಜನ ಬಂದು ಮೊದಲು ಒಳಗಿನ ಮಂಚ, ಸ್ಟವ್ ನೋಡ್ತಾರೆ, ಆಮೇಲೆ ಕೇಳೋದು ಒಂದೇ, ಇಷ್ಟು ಹಳೇ ಗಾಡೀಲಿ ಸಂಪಾಜೆ ಘಾಟಿ ಹೇಗೆ ಇಳೀತೀರಿ ಅಂತ. ಈಚೆಗೆ ಹಳೇ ವ್ಯಾನ್ ತಗೊಂಡು ಕ್ಯಾಂಪರ್ ಮಾಡೋ ಹುಡುಗ್ರು ಜಾಸ್ತಿ ಆಗಿದ್ದಾರೆ, ಅವರೂ ಫೋನ್ ಮಾಡಿ ಇದನ್ನೇ ಕೇಳ್ತಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಎಲ್ಲ ಒಟ್ಟಿಗೆ ಬರೀತಾ ಇದ್ದೀನಿ. ಉದ್ದ ಇದೆ, ಆದ್ರೆ ಬ್ರೇಕ್ ವಿಷಯ, ಪೂರ್ತಿ ಓದಿ.

ಯಾವ ಗಾಡಿ ನಿಮ್ದು?

ಬಜಾಜ್ ಟೆಂಪೋ ಕಂಪನಿಯ ಮೆಟಡೋರ್, ಆ ಕಂಪನಿಗೆ ಈಗ ಫೋರ್ಸ್ ಮೋಟರ್ಸ್ ಅಂತ ಹೆಸರು. ಮರ್ಸಿಡಿಸ್ ಡಿಸೈನಿನ ಡೀಸೆಲ್ ಇಂಜಿನ್, ಮುಂದಿನ ಚಕ್ರಕ್ಕೆ ಡ್ರೈವ್. ನಮ್ಮಪ್ಪ ಇದರಲ್ಲಿ ಕಾಫಿ ಮೂಟೆ, ಕಿತ್ತಳೆ ಎಲ್ಲ ಸಾಗ್ಸಿದಾರೆ, ಆಮೇಲೆ ಶೆಡ್ಡಲ್ಲಿ ನಿಂತಿತ್ತು, ನಾನು ಮನೆಗಾಡಿ ಮಾಡ್ದೆ. ನಂದರಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದ್ರೆ ಚಕ್ರದ ಜೊತೆ ತಿರುಗೋ ಡ್ರಮ್ಮಿನ ಒಳಗೋಡೆಗೆ ಎರಡು ಶೂ ಒತ್ತಿ ಹಿಡಿಯೋದು, ಶೂ ಮೇಲೆ ಉಜ್ಜೋಕೆ ಲೈನರ್ ಅಂಟಿಸಿರುತ್ತೆ. ನಿಮ್ಮದು ಬೇರೆ ಗಾಡಿ ಆದ್ರೂ ಕೆಳಗೆ ಹೇಳಿರೋದು ಬಹುಪಾಲು ಹೊಂದುತ್ತೆ, ಯಾಕಂದ್ರೆ ಹೈಡ್ರಾಲಿಕ್ ಬ್ರೇಕ್ ಕೆಲಸ ಮಾಡೋ ರೀತಿ ಎಲ್ಲ ಕಡೆ ಒಂದೇ. ಪೆಡಲ್ ಒತ್ತಿದ್ರೆ ಮಾಸ್ಟರ್ ಸಿಲಿಂಡರ್ ಆಯಿಲನ್ನ ಪೈಪ್, ಹೋಸಲ್ಲಿ ತಳ್ಳುತ್ತೆ, ಚಕ್ರದ ಹತ್ರ ಇರೋ ವೀಲ್ ಸಿಲಿಂಡರ್ ಆ ಒತ್ತಡಕ್ಕೆ ಶೂ ತಳ್ಳುತ್ತೆ.

ಇಷ್ಟು ವರ್ಷ ಹಾಗೇ ಓಡಿದೆಯಲ್ಲಾ, ಈಗ್ಯಾಕೆ ಬ್ರೇಕ್ ತಲೆನೋವು?

ಮೊದಲು ಆ ಗಾಡಿ ಒಂದು ಕಡೆ ಲೋಡ್ ಹೊತ್ತು ವಾಪಸ್ ಬರೋವಾಗ ಖಾಲಿ ಬರ್ತಿತ್ತು. ಮನೆಗಾಡಿ ಆದ್ಮೇಲೆ ಖಾಲಿ ಅನ್ನೋದೇ ಇಲ್ಲ. ಮಂಚ, ಪ್ಲೈವುಡ್ ಕಪಾಟು, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಮೇಲೆ ಸೋಲಾರ್, ಹಿಂದೆ ನೀರಿನ ಟ್ಯಾಂಕ್, ಎಲ್ಲ ಸೇರಿ ಯಾವಾಗ್ಲೂ ಫುಲ್ ಲೋಡ್. 100 ಲೀಟರ್ ಟ್ಯಾಂಕ್ ತುಂಬಿಸಿದ್ರೆ ಅಲ್ಲಿಗೇ 100 ಕಿಲೋ ಆಯ್ತು.

ಇನ್ನೊಂದು ನಮ್ಮ ಊರು, ಕೊಡಗು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ದಾಟಿ ಸಂಪಾಜೆ ಮುಟ್ಟೋಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿದಿರ್ತೀವಿ. 3 ಟನ್ ಗಾಡಿ ಸಾವಿರ ಮೀಟರ್ ಇಳಿದ್ರೆ ಅದರಲ್ಲಿ ಇರೋ ಶಕ್ತಿ ಸುಮಾರು 29 ಮೆಗಾಜೌಲ್. ಈ ಲೆಕ್ಕ ತಲೆಗೆ ಹತ್ತಬೇಕು ಅಂದ್ರೆ ಹೀಗೆ ಯೋಚನೆ ಮಾಡಿ, ತಣ್ಣೀರು 90 ಲೀಟರ್ ಹಂಡೇಲಿ ಹಾಕಿ ಕುದಿ ಬರೋ ತನಕ ಕಾಯಿಸೋಕೆ ಎಷ್ಟು ಉರಿ ಬೇಕೋ ಅಷ್ಟು. ಸ್ವಲ್ಪ ಭಾಗ ಇಂಜಿನ್ ತಗೊಳ್ಳುತ್ತೆ, ಸ್ವಲ್ಪ ಗಾಳಿ ಮತ್ತೆ ಟೈರು, ಉಳಿದಿದ್ದೆಲ್ಲ ನಿಮ್ಮ ನಾಲ್ಕು ಡ್ರಮ್ ಒಳಗೇ ಹೋಗ್ಬೇಕು, ಬೇರೆ ದಾರಿ ಇಲ್ಲ. ಮೈಸೂರು ಕಡೆ ಸಪಾಟು ರೋಡಲ್ಲಿ ಚೆನ್ನಾಗಿ ನಿಲ್ಲೋ ಗಾಡಿ ನಮ್ಮ ಘಾಟೀಲಿ ಅರ್ಧ ಇಳಿಯೋಷ್ಟರಲ್ಲಿ ಕೈ ಕೊಡೋದು ಇದಕ್ಕೇ. ಅಲ್ಲಿ ಒಂದು ಸಲ ಒತ್ತಿ ನಿಲ್ಲಿಸಿದ್ರೆ ಆಯ್ತು, ಇಲ್ಲಿ ಒಂದು ಗಂಟೆ ಹೊತ್ತು ಬಿಸಿ ತಡ್ಕೋಬೇಕು.

ಅದಕ್ಕೇ ಏನೇ ಅಪ್‌ಗ್ರೇಡ್ ಮಾಡೋ ಮುಂಚೆ ಗಾಡಿನ ವೇಬ್ರಿಡ್ಜಿಗೆ ಹಾಕಿ. ಟ್ಯಾಂಕ್ ತುಂಬಿ, ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಹೋಗಿ, ಪೂರ್ತಿ ಗಾಡಿ ಒಂದ್ಸಲ, ಮುಂದಿನ ಚಕ್ರ ಮಾತ್ರ ಒಂದ್ಸಲ, ಹಿಂದಿನ ಚಕ್ರ ಮಾತ್ರ ಒಂದ್ಸಲ. ಆರ್‌ಸೀಲಿ ಇರೋ ತೂಕಕ್ಕಿಂತ ಜಾಸ್ತಿ ಇದ್ರೆ ಮೊದಲು ಸಾಮಾನು ಇಳಿಸಿ. ನಾನು ತೇಗದ ಕಪಾಟು ಎರಡು ತೆಗೆದು ಹಾಕಿದ್ದೀನಿ, ಬೇಜಾರಾಯ್ತು, ಆದ್ರೂ ತೆಗೆದೆ.

ಸೀದಾ ಡಿಸ್ಕ್ ಬ್ರೇಕ್ ಹಾಕ್ಸಿದ್ರೆ ಎಲ್ಲ ಸರಿ ಹೋಗುತ್ತಲ್ವಾ?

ಎಲ್ಲರೂ ಇಲ್ಲಿಂದಲೇ ಶುರು ಮಾಡ್ತಾರೆ. ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗೋ ತಟ್ಟೆಯನ್ನ ಕ್ಯಾಲಿಪರ್ ಎರಡು ಪ್ಯಾಡಲ್ಲಿ ಹಿಡಿಯೋದು. ಅದು ಒಳ್ಳೇದೇ, ಬಿಸಿ ಬೇಗ ಬಿಡುತ್ತೆ, ಮಳೇಲಿ ಬೇಗ ಒಣಗುತ್ತೆ. ಆದ್ರೆ ಹಳೇ ಹೋಸ್, ತುಕ್ಕು ಹಿಡಿದ ಪೈಪ್, ಸೋರೋ ಮಾಸ್ಟರ್ ಸಿಲಿಂಡರ್ ಹಾಗೇ ಇಟ್ಕೊಂಡು ಡಿಸ್ಕ್ ಮಾತ್ರ ಹೊಸದು ಹಾಕಿದ್ರೆ ದುಡ್ಡು ದಂಡ. ನಮ್ಮ ಮೇಸ್ತ್ರಿ ಕಾಕಾ ಹೇಳೋದು, ಇರೋ ಬ್ರೇಕನ್ನ ಮೊದಲು ಕಂಪನಿಯಿಂದ ಬಂದ ಹಾಗೆ ಮಾಡು, ಅದರಲ್ಲಿ ಒಂದು ಮಳೆಗಾಲ ಓಡ್ಸು, ಆಮೇಲೆ ಸಾಲಲ್ಲ ಅನ್ಸಿದ್ರೆ ಡಿಸ್ಕ್ ಮಾತಾಡೋಣ ಅಂತ. ಅವರ ಮಾತು ಕೇಳಿದ್ದು ಒಳ್ಳೇದಾಯ್ತು. ಡ್ರಮ್ಮೆಲ್ಲ ಸರಿಯಾಗಿ ಮಾಡಿಸಿದ ಮೇಲೆ ನನ್ನ ಗಾಡಿ ಎಷ್ಟು ಚೆನ್ನಾಗಿ ನಿಲ್ಲೋಕೆ ಶುರುವಾಯ್ತು ಅಂದ್ರೆ, ಇಷ್ಟು ವರ್ಷ ನಾವು ಓಡ್ಸಿದ್ದು ಅರ್ಧ ಬ್ರೇಕಲ್ಲಿ ಅಂತ ಆಗ ಗೊತ್ತಾಯ್ತು.

ಹಾಗಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ನಾಲ್ಕೂ ಡ್ರಮ್ ಬಿಚ್ಚಿ. ಒಂದು ಬಿಚ್ಚಿ ನೋಡಿ ಬಾಕಿ ಮೂರೂ ಹಾಗೇ ಇರುತ್ತೆ ಅಂತ ಅಂದ್ಕೋಬೇಡಿ. ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಸೋರ್ತಿದೆ ಅಂತ ಅರ್ಥ. ಲೈನರ್ ಮೇಲೆ ಆಯಿಲ್ ಬಿದ್ದಿದ್ರೆ ಆ ಶೂ ತೊಳೆದು ಹಾಕೋಕೆ ಹೋಗ್ಬೇಡಿ, ಲೈನರ್ ಆಯಿಲ್ ಕುಡಿದಿರುತ್ತೆ, ಬಿಸಿ ಆದಾಗ ಮತ್ತೆ ಹೊರಗೆ ಬರುತ್ತೆ, ಗಾಡಿ ಒಂದು ಕಡೆಗೆ ಎಳೆಯುತ್ತೆ. ಲೈನರ್ ಹಾಕ್ಸೋದಾದ್ರೆ ಒಂದು ಆಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ, ಒಂದೇ ಮಾಲು. ಡ್ರಮ್ಮಲ್ಲಿ ಗೆರೆ ಬಿದ್ದಿದ್ರೆ ಲೇತಿಗೆ ಹಾಕ್ಸಿ, ಆದ್ರೆ ಒಳಗಿನ ಅಳತೆ ಎಷ್ಟರ ತನಕ ಹೋಗ್ಬಹುದು ಅಂತ ಒಂದು ಮಿತಿ ಇರುತ್ತೆ, ಸಾಮಾನ್ಯವಾಗಿ ಡ್ರಮ್ ಮೇಲೇ ಎರಕದಲ್ಲಿ ಬರೆದಿರುತ್ತೆ. ಅದು ದಾಟಿದ್ರೆ ಆ ಡ್ರಮ್ ಗುಜರಿಗೆ. ತೆಳ್ಳಗಾದ ಡ್ರಮ್ ಬಿಸಿ ಹಿಡ್ಕೊಳ್ಳಲ್ಲ, ಬೇಗ ಹಿಗ್ಗುತ್ತೆ, ಶೂ ಡ್ರಮ್ಮನ್ನ ಹಿಂಬಾಲಿಸ್ಕೊಂಡು ಹೋಗ್ಬೇಕಾಗುತ್ತೆ, ಪೆಡಲ್ ಕೆಳಕ್ಕೆ ಹೋಗ್ತಾ ಹೋಗುತ್ತೆ. ಘಾಟೀಲಿ ಪೆಡಲ್ ಉದ್ದ ಆಯ್ತು ಅಂತ ಹೇಳ್ತಾರಲ್ಲ, ಅದಕ್ಕೆ ಒಂದು ಕಾರಣ ಇದು.

ರಬ್ಬರ್ ಹೋಸ್ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನನಗೆ ಪಾಠ ಆಗಿದ್ದು ಅದರಿಂದ. ಒಂದು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ವಾಪಸ್ ಭಾಗಮಂಡಲಕ್ಕೆ ಇಳೀತಾ ಇದ್ವಿ, ಅಮ್ಮ ಹಿಂದೆ ಕೂತಿದ್ರು, ಏನೋ ಸುಟ್ಟ ವಾಸನೆ ಬರ್ತಿದೆ ಅಂದ್ರು. ನಾನು ಬೇರೆ ಗಾಡೀದು ಇರ್ಬೇಕು ಅಂದ್ಕೊಂಡು ಹಾಗೇ ಬಂದೆ. ಕೆಳಗೆ ನಿಲ್ಲಿಸಿ ನೋಡಿದ್ರೆ ಮುಂದಿನ ಎಡ ಚಕ್ರ ಹತ್ರ ಕೈ ತರೋಕಾಗಲ್ಲ, ಅಷ್ಟು ಬಿಸಿ, ಬಾಕಿ ಮೂರೂ ಸುಮಾರು ಬೆಚ್ಚಗೆ. ಅಂದ್ರೆ ಕಾಲು ತೆಗೆದ್ರೂ ಆ ಚಕ್ರದ ಬ್ರೇಕ್ ಬಿಡ್ತಿರ್ಲಿಲ್ಲ. ಎರಡು ಗಂಟೆ ಕಾದು ಮೆಲ್ಲಗೆ ನಾಪೋಕ್ಲು ತನಕ ತಂದ್ವಿ.

ಮಾರನೇ ದಿನ ಕಾಕಾ ಬಂದು ಬ್ರೇಕ್ ಒತ್ತಿ ಬಿಟ್ಟು, ಚಕ್ರ ಬಿಗಿಯಾದಾಗ ಮೊದಲು ಮಾಸ್ಟರ್ ಹತ್ರ ಪೈಪಿನ ನಟ್ ಸಡಿಲ ಮಾಡಿದ್ರು, ಚಕ್ರ ಬಿಡ್ಲಿಲ್ಲ. ಆಮೇಲೆ ಚಕ್ರದ ಹತ್ರ ಬ್ಲೀಡರ್ ನಿಪ್ಪಲ್, ಅಂದ್ರೆ ಆಯಿಲ್, ಏರ್ ಹೊರಗೆ ಬಿಡೋ ಚಿಕ್ಕ ತೂತಿನ ಬೋಲ್ಟ್, ಬಿಚ್ಚಿದ್ರು, ಪಿಚಕ್ ಅಂತ ಆಯಿಲ್ ಹಾರಿ ಚಕ್ರ ಫ್ರೀ ಆಯ್ತು. ಇಷ್ಟರಲ್ಲೇ ಗೊತ್ತಾಯಿತು, ನಡುವೆ ಇರೋ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿದೆ. ಕಾಲಿನ ಒತ್ತಡಕ್ಕೆ ಆಯಿಲ್ ಆ ಕಡೆ ಹೋಗುತ್ತೆ, ವಾಪಸ್ ಬರೋಕೆ ಜಾಗ ಇಲ್ಲ. ಹೊರಗಿಂದ ನೋಡಿದ್ರೆ ಹೋಸ್ ಚೆನ್ನಾಗೇ ಕಾಣ್ತಿತ್ತು. ಬ್ಲೀಡರ್ ಬಿಚ್ಚಿದ್ರೂ ಬಿಡ್ಲಿಲ್ಲ ಅಂದ್ರೆ ಸಿಲಿಂಡರ್ ಪಿಸ್ಟನ್ ಅಥವಾ ಶೂ ಸ್ಪ್ರಿಂಗ್ ಕಡೆ ನೋಡ್ಬೇಕು, ಮಾಸ್ಟರ್ ಹತ್ರ ಸಡಿಲ ಮಾಡಿದ ಕೂಡ್ಲೇ ಬಿಟ್ರೆ ಮಾಸ್ಟರ್ ಅಥವಾ ಪೆಡಲ್ ಅಡ್ಜಸ್ಟ್‌ಮೆಂಟ್. ಹಳೇ ಗಾಡಿ ತಗೊಂಡವ್ರು ಹೋಸ್ ಎಲ್ಲ ಕಣ್ಣು ಮುಚ್ಚಿ ಬದಲಾಯಿಸಿ, ಇಡೀ ಕೆಲಸದಲ್ಲಿ ಕಡಿಮೆ ಖರ್ಚು ಅದಕ್ಕೇ.

ಲೈನರ್ ಧೂಳನ್ನ ಏರ್ ಹೊಡೆದು ಕ್ಲೀನ್ ಮಾಡ್ಬಹುದಾ?

ಬೇಡ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಜಾಸ್ತಿ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ತರಬಹುದು. ನೀರು ಚಿಮುಕಿಸಿ ಒದ್ದೆ ಮಾಡಿ, ಬಟ್ಟೇಲಿ ಒರೆಸಿ, ಆ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಾಕಿ. ಒಳ್ಳೇ ಮಾಸ್ಕ್ ಹಾಕ್ಕೊಳ್ಳಿ, ಗ್ಯಾರೇಜ್ ಹುಡುಗ್ರಿಗೂ ಹೇಳಿ. ಚಿಕ್ಕ ಚಿಕ್ಕ ಹುಡುಗ್ರು ಡ್ರಮ್ ಒಳಗೆ ಬಾಯಲ್ಲಿ ಊದೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬ್ರೇಕ್ ಆಯಿಲ್ ಯಾವ್ದು ಹಾಕ್ಬೇಕು? ಕಡಿಮೆ ಆದಾಗ ಸ್ವಲ್ಪ ಸ್ವಲ್ಪ ತುಂಬಿಸ್ತಾ ಹೋದ್ರೆ ಸಾಕಲ್ವಾ?

ಸಾಕಾಗಲ್ಲ. ಬ್ರೇಕ್ ಆಯಿಲ್ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಅದು ಎಣ್ಣೆ ಅಲ್ಲ, ಗ್ಲೈಕಾಲ್. ಅದು ಗಾಳಿಯಿಂದ ತೇವ ಎಳ್ಕೊಳ್ಳುತ್ತೆ. ಡಬ್ಬಿ ಮೇಲೆ ಡಾಟ್ ಅಂತ ದರ್ಜೆ ಬರೆದಿರುತ್ತೆ. ಡಾಟ್ 3 ಹೊಸದು ಕುದಿಯೋದು ಕಮ್ಮಿ ಅಂದ್ರೂ 205 ಡಿಗ್ರೀಲಿ, ತೇವ ಎಳ್ಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಹೊಸದು 230, ತೇವ ಕುಡಿದದ್ದು 155. ನಮ್ಮ ಕೊಡಗಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಕಪಾಟಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತೆ, ಇಂಥ ಹವೆಯಲ್ಲಿ ಬ್ರೇಕ್ ಆಯಿಲ್ ಎಷ್ಟು ತೇವ ಎಳ್ಕೊಳ್ಳುತ್ತೆ ನೀವೇ ಯೋಚನೆ ಮಾಡಿ. ಆ ಆಯಿಲ್ ವೀಲ್ ಸಿಲಿಂಡರ್ ಒಳಗೆ ಕುದ್ರೆ ಆವಿ ಆಗುತ್ತೆ, ಆವಿಯನ್ನ ಒತ್ತಿದ್ರೆ ಅದು ಕುಗ್ಗುತ್ತೆ ಅಷ್ಟೇ, ಪೆಡಲ್ ಸೀದಾ ತಳಕ್ಕೆ ಹೋಗುತ್ತೆ. ಐದು ನಿಮಿಷ ಮುಂಚೆ ಸರಿ ಇದ್ದ ಬ್ರೇಕ್ ಇದ್ದಕ್ಕಿದ್ದ ಹಾಗೆ ಇಲ್ಲ ಅನ್ನೋದು ಹೀಗೇ.

ಡಾಟ್ 3 ಇದ್ದ ಗಾಡಿಗೆ ಡಾಟ್ 4 ಹಾಕ್ಬಹುದು, ಎರಡೂ ಗ್ಲೈಕಾಲ್. ಡಾಟ್ 5.1 ಕೂಡ ಗ್ಲೈಕಾಲೇ. ಆದ್ರೆ ಡಾಟ್ 5 ಅಂತ ಬರೀ 5 ಇದ್ಯಲ್ಲ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಸ್ಬಾರ್ದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಕ್ಟೋಬರಲ್ಲಿ ಮಾಡ್ತೀನಿ. ಸಣ್ಣ ಡಬ್ಬಿ ತಗೊಳ್ಳಿ, ಒಂದ್ಸಲ ಮುಚ್ಚಳ ತೆಗೆದಿದ್ದನ್ನ ಮುಂದಿನ ವರ್ಷಕ್ಕೆ ಎತ್ತಿಡ್ಬೇಡಿ.

ಇನ್ನೊಂದು ಮುಖ್ಯ ವಿಷಯ. ಒಂದ್ಸಲ ಬೇರೆ ಊರಲ್ಲಿ ಒಂದು ಕಡೆ ಗಾಡಿ ಸರ್ವಿಸಿಗೆ ಬಿಟ್ಟಿದ್ದೆ, ಅಲ್ಲಿ ಯಾರೋ ಬ್ರೇಕ್ ಡಬ್ಬಿಗೆ ಪವರ್ ಸ್ಟೇರಿಂಗ್ ಆಯಿಲ್ ಹಾಕಿ ಕಳಿಸಿದ್ರು. ಸ್ವಲ್ಪ ದಿನಕ್ಕೆ ಪೆಡಲ್ ಗಟ್ಟಿಯಾಯ್ತು, ಚಕ್ರ ಎಲ್ಲ ಹಿಡ್ಕೊಳ್ಳೋಕೆ ಶುರುವಾಯ್ತು. ಡಬ್ಬಿ ಮುಚ್ಚಳದ ರಬ್ಬರ್ ತೆಗೆದು ನೋಡಿದ್ರೆ ಹಪ್ಪಳ ಊದಿದ ಹಾಗೆ ಊದಿತ್ತು. ಪೆಟ್ರೋಲಿಯಂ ಎಣ್ಣೆ ಒಂದು ಚಮಚ ಸೇರಿದ್ರೂ ಬ್ರೇಕ್ ರಬ್ಬರೆಲ್ಲ ಊದುತ್ತೆ, ತೊಳೆದ್ರೆ ಸರಿ ಹೋಗಲ್ಲ. ಮಾಸ್ಟರ್, ನಾಲ್ಕೂ ಕಡೆ ಸಿಲಿಂಡರ್, ಹೋಸ್ ಎಲ್ಲ ಹೊಸದು ಹಾಕ್ಬೇಕಾಯ್ತು. ಆವತ್ತಿಂದ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಪೇಂಟಲ್ಲಿ ಬರೆದಿದ್ದೀನಿ. ಸೀಲ್, ಪಿಸ್ಟನ್ ತೊಳೆಯೋಕೂ ಪೆಟ್ರೋಲ್, ಡೀಸೆಲ್ ಬೇಡ, ಬ್ರೇಕ್ ಆಯಿಲಲ್ಲೇ ತೊಳೀರಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ರೆ ಮಾತ್ರ ತಕ್ಷಣ ನೀರು ಹಾಕಿ, ಇಲ್ದಿದ್ರೆ ಪೇಂಟ್ ಎದ್ದು ಬರುತ್ತೆ.

ಏರ್ ತೆಗೆಯೋದು ಮನೇಲೇ ಮಾಡ್ಬಹುದಾ?

ಮಾಡ್ಬಹುದು, ಇಬ್ಬರು ಬೇಕು. ಲೈನಲ್ಲಿ ಸೇರ್ಕೊಂಡ ಗಾಳಿಯಿಂದ ಪೆಡಲ್ ಮೆತ್ತಗಾಗುತ್ತೆ, ಅದನ್ನ ಹೊರಗೆ ಬಿಡೋ ಕೆಲಸ ಇದು. ಸಾಮಾನ್ಯವಾಗಿ ಮಾಸ್ಟರಿಗೆ ದೂರ ಇರೋ ಚಕ್ರದಿಂದ ಶುರು, ನಮ್ಮ ಗಾಡೀಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೇಗೆ ಮುಂದಿನ ಬಲ. ಒಬ್ಬರು ಪೆಡಲ್ ಮೂರ್ನಾಲ್ಕು ಸಲ ಮೆಲ್ಲಗೆ ಒತ್ತಿ ಹಿಡ್ಕೋಬೇಕು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಪೆಡಲ್ ಕೆಳಗೆ ಇರೋವಾಗಲೇ ಟೈಟ್ ಮಾಡಿ, ಆಮೇಲೆ ಬಿಡು ಅಂತ ಕೂಗ್ಬೇಕು. ನನ್ನ ತಂಗಿ ಪೆಡಲ್ ಮೇಲೆ ಕೂರ್ತಾಳೆ, ನಾನು ಕೆಳಗೆ. ಮಧ್ಯೆ ಡಬ್ಬಿ ಖಾಲಿ ಆಗ್ಬಾರ್ದು, ಆದ್ರೆ ಮತ್ತೆ ಮೊದಲಿಂದ. ಏರ್ ತೆಗೆಯೋ ಮುಂಚೆ ಶೂ ಅಡ್ಜಸ್ಟ್ ಮಾಡಿ, ಇಲ್ದಿದ್ರೆ ಶೂ ದೂರ ಇರೋದ್ರಿಂದ ಪೆಡಲ್ ಉದ್ದ ಇರುತ್ತೆ, ನೀವು ಏರ್ ಇದೆ ಅಂದ್ಕೊಂಡು ಇಡೀ ದಿನ ಒದ್ದಾಡ್ತೀರಿ.

ಬೂಸ್ಟರ್ ಹಾಕಿಸ್ಬಹುದಾ?

ಬೂಸ್ಟರ್ ಅಂದ್ರೆ ಪೆಡಲ್ ಒತ್ತೋ ಬಲವನ್ನ ಹೆಚ್ಚಿಸೋ ಸಾಧನ, ಅದು ಇಲ್ಲದ ಗಾಡಿಗೆ ಹಾಕಿದ್ರೆ ಕಾಲಿಗೆ ತುಂಬಾ ಆರಾಮ. ಆದ್ರೆ ಬೂಸ್ಟರ್ ಕೆಲಸ ಮಾಡೋದು ವ್ಯಾಕ್ಯೂಮಲ್ಲಿ. ಪೆಟ್ರೋಲ್ ಇಂಜಿನಲ್ಲಿ ಮ್ಯಾನಿಫೋಲ್ಡಿಂದ ಸಿಗುತ್ತೆ, ಡೀಸೆಲಲ್ಲಿ ಹಾಗೆ ಸಿಗಲ್ಲ, ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಎಷ್ಟೋ ಡೀಸೆಲ್ ಗಾಡೀಲಿ ಅದು ಆಲ್ಟರ್ನೇಟರ್ ಹಿಂದೇನೇ ಕೂತಿರುತ್ತೆ. ಬೂಸ್ಟರ್ ಮಾತ್ರ ತಂದು ಕೂರಿಸಿ ಪಂಪ್ ಇಲ್ಲ ಅಂದ್ರೆ ಏನೂ ಪ್ರಯೋಜನ ಇಲ್ಲ.

ಬೂಸ್ಟರ್ ಸರಿ ಇದೆಯಾ ಅಂತ ನೋಡೋದು ಸುಲಭ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತೆ, ಹಾಗೇ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಸರಿ ಇದೆ. ಇದರಲ್ಲೇ ಇನ್ನೊಂದು ವಿಷಯ ಅಡಗಿದೆ. ಇಂಜಿನ್ ಆಫ್ ಆದ್ರೆ ಬೂಸ್ಟರಲ್ಲಿ ಉಳಿದಿರೋದು ಕೆಲವೇ ಕೆಲವು ಒತ್ತಿಗೆ ಮಾತ್ರ. ಡೀಸೆಲ್ ಉಳಿಸೋಕೆ ಇಳಿಜಾರಲ್ಲಿ ಇಂಜಿನ್ ಬಂದ್ ಮಾಡಿ ನ್ಯೂಟ್ರಲಲ್ಲಿ ಬಿಡೋ ಅಭ್ಯಾಸ ಹಳಬರಿಗೆ ಇನ್ನೂ ಇದೆ, ದಯವಿಟ್ಟು ಬೇಡ.

ಬೂಸ್ಟರ್ ಹಾಕಿದ ಮಾತ್ರಕ್ಕೆ ಡ್ರಮ್ ಬಿಸಿ ತಡೆಯೋ ಶಕ್ತಿ ಜಾಸ್ತಿ ಆಗಲ್ಲ ಅನ್ನೋದೂ ನೆನಪಿರ್ಲಿ. ಒತ್ತೋದು ಸುಲಭ ಆಗುತ್ತೆ, ಅಷ್ಟೇ.

ದೊಡ್ಡ ಬೋರಿನ ಮಾಸ್ಟರ್ ಸಿಲಿಂಡರ್ ಹಾಕಿದ್ರೆ ಬ್ರೇಕ್ ಜಾಸ್ತಿ ಹಿಡಿಯುತ್ತಂತೆ, ಹೌದಾ?

ಉಲ್ಟಾ. ಬೋರ್ ಅಂದ್ರೆ ಸಿಲಿಂಡರಿನ ಒಳ ಅಗಲ, ಅದು ದೊಡ್ಡದಾದ್ರೆ ಅದೇ ಕಾಲಿನ ಬಲಕ್ಕೆ ಒತ್ತಡ ಕಮ್ಮಿ ಬರುತ್ತೆ, ಪೆಡಲ್ ಮೇಲೇ ಗಟ್ಟಿಯಾಗಿ ನಿಲ್ಲುತ್ತೆ. ಗಟ್ಟಿ ಪೆಡಲ್ ನೋಡಿ ಜನ ಬ್ರೇಕ್ ಜೋರಾಯ್ತು ಅಂತ ತಪ್ಪು ತಿಳ್ಕೊಳ್ತಾರೆ. ಚಿಕ್ಕ ಬೋರಲ್ಲಿ ಒತ್ತಡ ಜಾಸ್ತಿ, ಆದ್ರೆ ಪೆಡಲ್ ಉದ್ದ ಹೋಗುತ್ತೆ.

ಎರಡು ಲೈನಿನ ಮಾಸ್ಟರ್ ಅಂದ್ರೇನು, ಬೇಕಾ?

ಹಳೇ ಗಾಡಿ ಕೆಲವಕ್ಕೆ ಮಾಸ್ಟರಿಂದ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲೋ ಒಂದು ಕಡೆ ಪೈಪ್ ಒಡೆದ್ರೆ ನಾಲ್ಕಕ್ಕೂ ಇಲ್ಲ. ಟ್ಯಾಂಡಮ್ ಮಾಸ್ಟರಲ್ಲಿ ಒಳಗೆ ಎರಡು ಪಿಸ್ಟನ್, ಎರಡು ಬೇರೆ ಬೇರೆ ಲೈನ್, ಒಂದು ಹೋದ್ರೆ ಇನ್ನೊಂದು ಉಳಿಯುತ್ತೆ. ನಿಮ್ಮ ಗಾಡೀಲಿ ಒಂದೇ ಲೈನ್ ಇದ್ರೆ ಡಿಸ್ಕಿಗಿಂತ, ಬೂಸ್ಟರಿಗಿಂತ ಮೊದಲು ಮಾಡ್ಬೇಕಾದ ಕೆಲಸ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮಾಕುಟ್ಟ ರೋಡಲ್ಲಿ ಕಾಡಿನ ಮಧ್ಯೆ ಬಿದ್ದ ಕೊಂಬೆ ಮೇಲೆ ಹತ್ತಿಸಿದಾಗ ಕೆಳಗೆ ಪೈಪಿಗೆ ಏನು ಬೇಕಾದ್ರೂ ಆಗ್ಬಹುದು.

ಪೈಪ್ ಹೊಸದು ಎಳೆಯೋವಾಗ ಫ್ರಿಡ್ಜ್ ರಿಪೇರಿಯವ್ರ ಹತ್ರ ಇರೋ ತಾಮ್ರದ ಪೈಪ್ ಹಾಕ್ಬಹುದಾ?

ಬೇಡ. ಬರೀ ತಾಮ್ರ ಅಲುಗಾಟಕ್ಕೆ ಗಟ್ಟಿಯಾಗಿ ಸೀಳುತ್ತೆ. ಬ್ರೇಕಿಗೆ ಅಂತ ಬರೋ ಸ್ಟೀಲ್ ಪೈಪ್ ಅಥವಾ ತಾಮ್ರ ನಿಕ್ಕಲ್ ಮಿಶ್ರಲೋಹದ್ದು ಹಾಕಿ, ತುದಿ ಡಬಲ್ ಫ್ಲೇರ್, ಅಂದ್ರೆ ಎರಡು ಮಡಿಕೆ ಹಾಕಿ ಅಗಲ ಮಾಡ್ಸಿ. ನಮ್ಮ ಮಳೆಗೆ ಎರಡನೇದು ಒಳ್ಳೇದು, ತುಕ್ಕು ಹಿಡಿಯಲ್ಲ.

ಎಲ್ಲ ಮಾಡಿದ ಮೇಲೂ ಡಿಸ್ಕ್ ಬೇಕು ಅನ್ಸಿದ್ರೆ?

ಆಗ ಮುಂದಿನ ಎರಡು ಚಕ್ರಕ್ಕೆ ಮಾತ್ರ ಯೋಚನೆ ಮಾಡಿ, ಬ್ರೇಕ್ ಹೊಡೆದಾಗ ತೂಕ ಮುಂದಕ್ಕೆ ಬರುತ್ತಲ್ಲ. ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕೋಕೆ ಹೋಗ್ಬೇಡಿ. ಡ್ರಮ್ಮಲ್ಲಿ ಚಕ್ರ ತಿರುಗೋ ರಭಸವೇ ಶೂವನ್ನ ಡ್ರಮ್ ಕಡೆಗೆ ಎಳ್ಕೊಳ್ಳುತ್ತೆ, ನಿಮ್ಮ ಕಾಲಿಗೆ ಅದು ಪುಕ್ಕಟೆ ಸಹಾಯ. ಡಿಸ್ಕಲ್ಲಿ ಆ ಸಹಾಯ ಇಲ್ಲ, ಪೂರ್ತಿ ಬಲ ಪೆಡಲಿಂದಲೇ ಬರ್ಬೇಕು.

ಆಮೇಲೆ ಮಾಸ್ಟರ್ ಹೊಂದಬೇಕು, ಕ್ಯಾಲಿಪರ್‌ಗೆ ಬೇಕಾಗೋ ಆಯಿಲ್ ಪ್ರಮಾಣ ಬೇರೆ. ಡ್ರಮ್ ಲೈನಲ್ಲಿ ಸ್ವಲ್ಪ ಒತ್ತಡ ಹಿಡ್ಕೊಳ್ಳೋಕೆ ಒಂದು ಚಿಕ್ಕ ವಾಲ್ವ್ ಇರುತ್ತೆ, ಎಷ್ಟೋ ಸಲ ಮಾಸ್ಟರ್ ಒಳಗೇ ಇರುತ್ತೆ, ಅದನ್ನ ಹಾಗೇ ಬಿಟ್ಟು ಡಿಸ್ಕ್ ಹಾಕಿದ್ರೆ ಪ್ಯಾಡ್ ಯಾವಾಗ್ಲೂ ತಿಕ್ಕುತ್ತೆ, ಬಿಸಿ ಆಗುತ್ತೆ. ಹಿಂದೆ ಮುಂದೆ ಹೊಂದಾಣಿಕೆ ನೋಡ್ಬೇಕು, ಒದ್ದೆ ರೋಡಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದ್ರೆ ಗಾಡಿ ಅಡ್ಡ ತಿರುಗುತ್ತೆ. ರಿಮ್ ಒಳಗೆ ಕ್ಯಾಲಿಪರ್ ಕೂರುತ್ತಾ ಅನ್ನೋದೂ ಇದೆ. ಮುಂದಿನ ಚಕ್ರದ ಡ್ರೈವ್ ಇರೋ ಗಾಡೀಲಿ ಹಬ್ ಒಳಗೆ ಶಾಫ್ಟ್ ಹಾದು ಹೋಗುತ್ತೆ, ಅಲ್ಲಿ ಯಾವುದೋ ಗುಜರಿ ಗಾಡಿ ಹಬ್ ತಂದು ವೆಲ್ಡಿಂಗ್ ಮಾಡಿ ಕೂರಿಸೋದು ಅಂದ್ರೆ ನನ್ನ ಗಾಡಿಗಂತೂ ನಾನು ಒಪ್ಪಲ್ಲ. ಅದಕ್ಕೇ ಇನ್ನೂ ಡ್ರಮ್ಮಲ್ಲೇ ಇದ್ದೀನಿ.

ಆರ್‌ಟಿಓ ಕೇಳಲ್ವಾ?

ಕೇಳ್ತಾರೆ, ಕೇಳ್ಲೂಬೇಕು. ಅದೇ ಮಾಡೆಲಿನ ಅದೇ ಬಿಡಿಭಾಗ ಹೊಸದು ಹಾಕೋದು ರಿಪೇರಿ. ಕಂಪನಿ ಕೊಟ್ಟಿದ್ದನ್ನ ಬಿಟ್ಟು ಬೇರೆ ರೀತಿ ಮಾಡೋದು ಮಾರ್ಪಾಡು, ಅದು ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರುತ್ತೆ. ಡಿಸ್ಕ್ ಯೋಚನೆ ಇದ್ರೆ ಕೆಲಸ ಮಾಡ್ಸೋ ಮುಂಚೆ ಮಡಿಕೇರಿ ಆಫೀಸಲ್ಲಿ ಮಾತಾಡಿ, ಆಮೇಲೆ ಅಲ್ಲ. ಒಳಗೆ ಮಂಚ, ಸ್ಟವ್ ಎಲ್ಲ ಇರೋ ಗಾಡಿಗೆ ಮೋಟಾರ್ ಕ್ಯಾರವಾನ್ ಅಂತ ಬೇರೆ ವರ್ಗವೇ ಇದೆ, ಅದಕ್ಕೆ ಎಐಎಸ್ 124 ಅನ್ನೋ ಮಾನದಂಡ. ಖಾಸಗಿ ಗಾಡಿ 15 ವರ್ಷ ಆದ್ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಆಗ ಬ್ರೇಕ್ ನೋಡ್ತಾರೆ. ಕೆಲವರು ವಿಂಟೇಜ್ ಅಂತ ಮಾಡಿಸ್ಕೊಳ್ತೀನಿ ಅಂತಾರೆ, 2021ರ ನಿಯಮದ ಪ್ರಕಾರ ಅದಕ್ಕೆ ಮೊದಲ ನೋಂದಣಿ ಆಗಿ 50 ವರ್ಷ ದಾಟಿರ್ಬೇಕು, ಅದೂ ದಿನನಿತ್ಯ ಓಡಿಸೋ ಗಾಡಿಗಲ್ಲ. ಮಾರ್ಪಾಡು ಮಾಡಿದ್ದು ಇನ್ಶೂರೆನ್ಸಿನವ್ರಿಗೂ ತಿಳಿಸಿ.

ಎಕ್ಸಾಸ್ಟ್ ಬ್ರೇಕ್ ಹೇಗೆ?

ಸೈಲೆನ್ಸರ್ ಪೈಪಲ್ಲಿ ಒಂದು ಬಾಗಿಲು ಹಾಕಿ ಹೊಗೆ ತಡೆದು ಇಂಜಿನನ್ನೇ ಬ್ರೇಕ್ ಮಾಡೋದು, ಬಸ್ಸು ಲಾರೀಲಿ ಇರುತ್ತೆ. ಡೀಸೆಲ್ ಇಂಜಿನಲ್ಲಿ ಬರೀ ಗೇರ್ ಹಿಡಿತ ಪೆಟ್ರೋಲಿನಷ್ಟು ಬರಲ್ಲ, ಅದಕ್ಕೆ ಇದು ಆಸೆ ಹುಟ್ಸುತ್ತೆ. ಆದ್ರೆ ಹಳೇ ಇಂಜಿನಿನ ವಾಲ್ವ್ ಸ್ಪ್ರಿಂಗ್ ಆ ಒತ್ತಡ ತಡೀಬೇಕು, ಮತ್ತೆ ನಮ್ಮಂಥ ಗಾಡೀಲಿ ಆ ಹಿಡಿತ ಪೂರ್ತಿ ಮುಂದಿನ ಎರಡು ಚಕ್ರಕ್ಕೇ ಬರುತ್ತೆ, ಅದೇ ಚಕ್ರ ಸ್ಟೇರಿಂಗ್ ಕೂಡ. ಜುಲೈ ತಿಂಗಳಲ್ಲಿ ಎಲೆ ಕೊಳೆತು ಜಾರೋ ತಿರುವಲ್ಲಿ ಅದು ಒಳ್ಳೇದಲ್ಲ. ನಾನು ಹಾಕಿಸ್ಲಿಲ್ಲ.

ಘಾಟಿ ಇಳಿಯೋ ಸರಿಯಾದ ರೀತಿ ಯಾವ್ದು?

ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳಿ, ಅಪ್ಪ ನನಗೆ ಸ್ಟೇರಿಂಗ್ ಕೊಟ್ಟಾಗ ಮೊದಲು ಹೇಳಿದ್ದು ಇದು. ಗೇರ್ ಇಳಿಜಾರು ಶುರುವಾಗೋ ಮುಂಚೇನೇ ಹಾಕ್ಕೊಳ್ಳಿ, ವೇಗ ಏರಿದ ಮೇಲೆ ಹಾಕೋಕೆ ಹೋದ್ರೆ ಬೀಳಲ್ಲ, ನ್ಯೂಟ್ರಲಲ್ಲೇ ಉಳಿದ್ರೆ ಇನ್ನೂ ಕಷ್ಟ. ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇಳೀಬೇಡಿ. ಸ್ವಲ್ಪ ವೇಗ ಏರಲಿ, ಆಮೇಲೆ ಗಟ್ಟಿಯಾಗಿ ಒತ್ತಿ 8-10 ಕಿಲೋಮೀಟರ್ ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಲ್ಲಿ ಡ್ರಮ್ ಉಸಿರಾಡುತ್ತೆ. ವೇಗ ಎರಡು ಪಟ್ಟು ಆದ್ರೆ ನಿಲ್ಲಿಸೋಕೆ ಬೇಕಾದ ಶಕ್ತಿ ನಾಲ್ಕು ಪಟ್ಟು, ಹಾಗಾಗಿ ಹಿಂದೆ ಕಾರಿನವ್ರು ಎಷ್ಟೇ ಹಾರ್ನ್ ಹೊಡೀಲಿ, ಜಾಗ ಸಿಕ್ಕಲ್ಲಿ ಬದಿಗೆ ಸರಿದು ಬಿಟ್ಕೊಡಿ, ನಿಮ್ಮ ವೇಗ ನಿಮ್ದು.

2018ರ ಆಗಸ್ಟಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಿದ್ದು ನಾವ್ಯಾರೂ ಮರೆತಿಲ್ಲ. ಇವತ್ತಿಗೂ ಜೋರು ಮಳೇಲಿ ತಿರುವು ತಿರುಗಿದ್ರೆ ಎದುರಿಗೆ ಮಣ್ಣೋ ಮರವೋ ನಿಂತ ಲಾರಿಯೋ ಇರ್ಬಹುದು. ಆ ಒಂದು ಒತ್ತಿಗೆ ಬ್ರೇಕ್ ಉಳಿದಿರ್ಬೇಕು, ಮೇಲಿಂದಲೇ ಖರ್ಚು ಮಾಡ್ಕೊಂಡು ಬಂದಿರ್ಬಾರ್ದು. ನಾನು ಅರ್ಧ ದಾರೀಲಿ ಅಗಲ ಜಾಗ ನೋಡಿ ನಿಲ್ಲಿಸಿ, ಚಹಾ ಮಾಡಿ ಕುಡಿದು, ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡ್ತೀನಿ, ಮುಟ್ಟೋದಲ್ಲ, ಹತ್ರ ಹಿಡಿಯೋದು. ಒಂದು ಮಾತ್ರ ಜಾಸ್ತಿ ಬಿಸಿ ಇದ್ರೆ ಆ ಚಕ್ರದ ಬ್ರೇಕ್ ಹಿಡ್ಕೊಂಡಿದೆ, ಒಂದು ಮಾತ್ರ ತಣ್ಣಗಿದ್ರೆ ಆ ಚಕ್ರ ಕೆಲಸಾನೇ ಮಾಡ್ತಿಲ್ಲ.

ಬಿಸಿ ಡ್ರಮ್ ಮೇಲೆ ನೀರು ಹೊಯ್ಯಬಹುದಾ?

ಬೇಡ, ಎರಕದ ಕಬ್ಬಿಣ ಸೀಳುತ್ತೆ. ಬಿಸಿ ಡ್ರಮ್ ಮೇಲೆ ಹ್ಯಾಂಡ್ ಬ್ರೇಕನ್ನೂ ಗಟ್ಟಿಯಾಗಿ ಎಳೀಬೇಡಿ, ಟೈರಿಗೆ ಕಲ್ಲು ಕೊಡಿ.

ಇಳಿಯೋವಾಗ ಬ್ರೇಕ್ ಹೋಗೇ ಬಿಟ್ರೆ?

ಇಂಜಿನ್ ಆಫ್ ಮಾಡ್ಬೇಡಿ. ಪೆಡಲ್ ಬೇಗ ಬೇಗ ಪಂಪ್ ಹೊಡೀರಿ, ಎಷ್ಟೋ ಸಲ ಸ್ವಲ್ಪ ಒತ್ತಡ ಬರುತ್ತೆ. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಹಿಡ್ಕೊಂಡೇ ಮೆಲ್ಲ ಮೆಲ್ಲಗೆ ಎಳೀರಿ, ಒಂದೇ ಸಲ ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಹೆಡ್‌ಲೈಟ್, ಹಾರ್ನ್ ಹಾಕ್ಕೊಂಡೇ ಇರಿ. ಕೊನೇ ದಾರಿ ಅಂದ್ರೆ ಗುಡ್ಡದ ಕಡೆ ಮಣ್ಣಿಗೆ, ಚರಂಡಿಗೆ ಗಾಡಿ ಉಜ್ಜಿಸೋದು. ಗಾಡಿ ಹೋದ್ರೆ ಹೋಗ್ಲಿ ಮಾರಾಯ್ರೆ, ಕಣಿವೆ ಕಡೆ ಹೋಗ್ಬಾರ್ದು.

ಟೈರಿಗೂ ಬ್ರೇಕಿಗೂ ಏನು ಸಂಬಂಧ?

ಬ್ರೇಕ್ ಚಕ್ರ ನಿಲ್ಲಿಸುತ್ತೆ, ಗಾಡಿ ನಿಲ್ಲಿಸೋದು ಟೈರ್. ಮನೆಗಾಡಿ ಕಮ್ಮಿ ಓಡೋದ್ರಿಂದ ಟೈರ್ ಹೂವು ಚೆನ್ನಾಗಿರುತ್ತೆ, ರಬ್ಬರ್ ಮಾತ್ರ ಕಲ್ಲಾಗಿರುತ್ತೆ. ಟೈರ್ ಬದೀಲಿ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು.

ತೋಟದ ಇಳಿಜಾರಲ್ಲಿ ನಿಲ್ಲಿಸಿ ಮಲಗೋದು ಸೇಫಾ?

ಮನೆಗಾಡಿಗೆ ಹ್ಯಾಂಡ್ ಬ್ರೇಕ್ ಅಂದ್ರೆ ಮನೆ ಅಡಿಪಾಯ ಇದ್ದ ಹಾಗೆ, ಜನ ಒಳಗೆ ಮಲಗಿರ್ತಾರೆ. ಕೇಬಲ್ ಒಳಗೆ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತೆ, ಬಿಚ್ಚಿ ಗ್ರೀಸ್ ಹಾಕಿ ಅಥವಾ ಹೊಸದು ಹಾಕಿ. ಮೊದಲು ಶೂ ಅಡ್ಜಸ್ಟ್ ಮಾಡಿ, ಆಮೇಲೆ ಕೇಬಲ್, ಉಲ್ಟಾ ಮಾಡ್ಬೇಡಿ. ಮುಂದಿನ ಡ್ರಮ್ಮಲ್ಲಿ ಎರಡು ಸಿಲಿಂಡರ್ ಇರೋ ಗಾಡಿ ಮುಂದಕ್ಕೆ ಹೋಗೋವಾಗ ಚೆನ್ನಾಗಿ ಹಿಡಿಯುತ್ತೆ, ಹಿಂದಕ್ಕೆ ಉರುಳೋವಾಗ ಅಷ್ಟು ಹಿಡಿಯಲ್ಲ, ಏರಲ್ಲಿ ನಿಲ್ಲಿಸೋವಾಗ ಇದು ಗೊತ್ತಿರ್ಲಿ. ನಾನು ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎರಡು ಚಕ್ರಕ್ಕೆ ಮರದ ಗಟ್ಟೆ ಕೊಡ್ತೀನಿ. ಹಲಸಿನ ಮರದ್ದು, ಮನೇಲೇ ಕೊಯ್ಸಿದ್ದು.

ಮಳೆಗಾಲದಲ್ಲಿ ಗಾಡಿ ಓಡಿಸ್ದೆ ನಿಲ್ಲಿಸ್ಬೇಕು, ಬ್ರೇಕಿಗೆ ಏನು ಮಾಡ್ಲಿ?

ಹ್ಯಾಂಡ್ ಬ್ರೇಕ್ ಬಿಟ್ಟು ನಿಲ್ಲಿಸಿ, ಸಪಾಟು ಜಾಗ, ಗೇರಲ್ಲಿ ಬಿಟ್ಟು ನಾಲ್ಕೂ ಕಡೆ ಕಲ್ಲು. ಎಳೆದೇ ಬಿಟ್ರೆ ಮೂರು ತಿಂಗಳಲ್ಲಿ ಶೂ ಡ್ರಮ್ಮಿಗೆ ಅಂಟ್ಕೊಳ್ಳುತ್ತೆ, ಆಮೇಲೆ ಸುತ್ತಿಗೇಲಿ ಹೊಡೆದು ಬಿಡಿಸೋವಾಗ ಲೈನರೇ ಕಿತ್ತು ಬರುತ್ತೆ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಅಂಗಳದಲ್ಲೇ ನಾಲ್ಕು ಅಡಿ ಹಿಂದೆ ಮುಂದೆ ಮಾಡಿ, ಪೆಡಲ್ ಒತ್ತಿ ಬಿಡಿ.

ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಬಿಟ್ಟ ಮೇಲೆ ಮೊದಲ ಸಲ ತೆಗೆಯೋವಾಗ ಘಾಟಿ ಕಡೆ ಹೋಗ್ಬೇಡಿ. ನಾನು ಮೊದಲು ಕುಶಾಲನಗರದ ಕಡೆ ಸಪಾಟು ರೋಡಿಗೆ ಹೋಗಿ, ಹಿಂದೆ ಗಾಡಿ ಇಲ್ಲ ಅಂತ ನೋಡ್ಕೊಂಡು 50ರಿಂದ 20ಕ್ಕೆ ಒಂದಿಪ್ಪತ್ತು ಸಲ ಬ್ರೇಕ್ ಹೊಡೀತೀನಿ, ಮಧ್ಯೆ ಮಧ್ಯೆ ತಣ್ಣಗಾಗೋಕೆ ಬಿಟ್ಕೊಂಡು. ತುಕ್ಕು ಉಜ್ಜಿ ಹೋಗುತ್ತೆ, ಹೊಸ ಲೈನರ್ ಆದ್ರೆ ಡ್ರಮ್ಮಿಗೆ ಕೂರುತ್ತೆ, ಒಂದು ಕಡೆಗೆ ಎಳೆಯೋದಿದ್ರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಮನೆಗೆ ಬಂದು ಆಯಿಲ್ ಬದಲಾಯಿಸಿ, ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಚಕ್ರದ ಹತ್ರ ರಟ್ಟಲ್ಲಿ ಒಂದು ಹನಿ ಕಲೆ ಕಂಡ್ರೂ ಡ್ರಮ್ ಬಿಚ್ಚಿ ನೋಡ್ಲೇಬೇಕು ಅಂತ ಇಟ್ಕೊಳ್ಳಿ.